ಮೈಲುತುತ್ತವೂ ಮಾಧ್ಯಮವೂ

ಕನ್ನಡ ಶಾಲೆಯಿಂದ ಬಂದವನಿಗೆ ಪದವಿ ತರಗತಿಯ ನಿರವಯವ ರಸಾಯನಶಾಸ್ತ್ರವು ಎಟುಕದೆಂಬ ಮಾತು ನಮ್ಮ ಜತ್ತ ತಾಲೂಕಿನಲ್ಲಿ ಆಗಾಗ ಕೇಳಿಬರುತ್ತದೆ. ಈ ಮಾತನ್ನು ನಾವು ಒಪ್ಪಲಾರೆವು.

ಇಲ್ಲಿಯ ದಾಳಿಂಬೆ ತೋಟಗಳನ್ನು ನೋಡಿರಿ. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು: ಇದು ಶೇಕಡಾ 1ರ ಬೋರ್ಡೋ ದ್ರಾವಣ. ಅದರಲ್ಲಿ ಕಬ್ಬಿಣದ ಚಾಕುವನ್ನದ್ದಿದಾಗ ಅಲಗಿಗೆ ತಾಮ್ರ ಹತ್ತಿದರೆ ಇನ್ನಷ್ಟು ಸುಣ್ಣ ಬೆರೆಸಬೇಕು. ಕಬ್ಬಿಣವು ತಾಮ್ರವನ್ನು ಅದರ ಲವಣದಿಂದ ಹೊರದೂಡುವುದನ್ನು ತೋಟದಲ್ಲಿಯೇ ಕಣ್ಣಾರೆ ಕಾಣಬಲ್ಲ ಹುಡುಗನಿಗೆ ರಸಾಯನವು ಪರಕೀಯವೆ?

ಕಾಲೇಜಿನ ಪ್ರಯೋಗಶಾಲೆಯಲ್ಲಿ ಆಗುವುದೇನು? ಲವಣ ವಿಶ್ಲೇಷಣೆಯ ಮೂರನೆಯ ಗುಂಪಿಗೆ ಅಮೋನಿಯಾಕ್ಕಿಂತ ಮೊದಲು ನವಸಾಗರ ಹಾಕಬೇಕೆಂದು ಬಾಯಿಪಾಠವಾಗುತ್ತದೆ. ಏಕೆಂಬುದು ಬಹಳ ಸಲ ಉಳಿದೇ ಹೋಗುತ್ತದೆ. ನವಸಾಗರದ ಅಮೋನಿಯಂ ಅಯಾನುಗಳು ಹೈಡ್ರಾಕ್ಸೈಡ್ ಅಯಾನುಗಳನ್ನು ತಗ್ಗಿಸುವುದರಿಂದ ಕಬ್ಬಿಣ, ಅಲ್ಯುಮಿನಿಯಂ, ಕ್ರೋಮಿಯಂಗಳು ಗಸಿಯಾಗಿ ಇಳಿಯುತ್ತವೆ; ಮೆಗ್ನೀಸಿಯಂ ದ್ರಾವಣದಲ್ಲಿಯೇ ಉಳಿಯುತ್ತದೆ. ಇದನ್ನು ನಾವು ಈಗ ಕನ್ನಡದಲ್ಲಿಯೇ ಹೇಳಿದೆವು; ಭಾಷೆಯೇನೂ ಬಿರಿಯಲಿಲ್ಲ.

ದೋಷವು ನಮ್ಮವರಲ್ಲಿಯೂ ಉಂಟು. ಪ್ರನಾಳಗಳನ್ನು ಕಪಾಟಿನಲ್ಲಿಟ್ಟು, ಪ್ರಯೋಗವನ್ನು ಕರಿಹಲಗೆಯ ಮೇಲೆಯೇ ಮುಗಿಸುವ ನಾವು ಕಾಲೇಜನ್ನಷ್ಟೇ ದೂರುವುದು ಸಲ್ಲದು. ಹುಡುಗನ ಕೈಗೆ ಪ್ರನಾಳ ಸಿಗಲಿ. ಕಾರಣವು ಕನ್ನಡದಲ್ಲಿ ತಿಳಿಯಲಿ. ಅದರೊಡನೆಯೇ ಇಂಗ್ಲಿಷ್ ಹೆಸರೂ ಬರಲಿ. ಹೆಸರುಗಳನ್ನು ಕೆಲವು ವಾರಗಳಲ್ಲಿ ಕಲಿಯಬಹುದು. ಏಕೆಂದು ಕೇಳುವ ಅಭ್ಯಾಸವು ಶಾಲೆಯಲ್ಲಿಯೇ ತಪ್ಪಿದರೆ, ಯಾವ ಮಾಧ್ಯಮದ ಪದವಿಯೂ ಅದನ್ನು ತಂದುಕೊಡಲಾರದು.