ಗಡಿಯ ಫೋಟೋ ಮನೆಗೆ ಬರಲಿ, ಊರೆಲ್ಲ ತಿರುಗದಿರಲಿ

ಸಿಂಧನೂರಿನಿಂದ ಮಸ್ಕಿ ದಾಟಿ ಲಿಂಗಸುಗೂರಿಗೆ ಹೋಗುವ ಬಸ್ಸಿನಲ್ಲಿ ಆಗಾಗ ಕೇಳಿಬರುವ ಮಾತು ಇದು: "ನಮ್ಮ ತಮ್ಮ ಮಿಲಿಟರಿಯಾಗ ಅದಾನ್ರಿ, ನಿನ್ನೆ ಫೋಟೋ ಕಳಿಸ್ಯಾನ, ನೋಡ್ರಿ." ಮೊಬೈಲು ಸೀಟಿನಿಂದ ಸೀಟಿಗೆ ದಾಟುತ್ತದೆ. ಹಿಮ, ತಗಡಿನ ಶೆಡ್ಡು, ಸ್ಟೋವಿನ ಮೇಲೆ ಕುದಿಯುವ ಚಹಾ. ನೋಡಿದವರು ಅಬ್ಬಬ್ಬಾ ಅನ್ನುತ್ತಾರೆ. ಕೂಡಲೇ ಇನ್ನೊಬ್ಬರು, "ನನಗೂ ಕಳಿಸ್ರಿ, ನಮ್ಮ ಗ್ರೂಪಿಗೆ ಹಾಕ್ತೀನಿ" ಅನ್ನುತ್ತಾರೆ. ತಕರಾರು ಇರುವುದು ಈ ಕೊನೆಯ ಮಾತಿನ ಬಗ್ಗೆ ಮಾತ್ರ.

ಫೋಟೋ ಬರಬೇಕಾದದ್ದೇ. ಮಗ ಎಂಥ ಜಾಗದಲ್ಲಿ ಉಣ್ಣುತ್ತಾನೆ, ಎಲ್ಲಿ ಮಲಗುತ್ತಾನೆ ಎಂದು ಹಡೆದವ್ವನಿಗೆ ಗೊತ್ತಾಗುವುದು ಬೇಡವೇ? 2019ರ ಜೂನಿನಲ್ಲಿ ಸಿಯಾಚಿನ್ ಯೋಧರ ಒಂದು ವೀಡಿಯೋ ದೇಶವೆಲ್ಲ ಓಡಾಡಿತು. ತತ್ತಿ ಕಲ್ಲಾಗಿತ್ತು, ಟೊಮೇಟೊ ಸುತ್ತಿಗೆಗೂ ಜಗ್ಗಲಿಲ್ಲ, ಜ್ಯೂಸಿನ ಪೊಟ್ಟಣ ಇಟ್ಟಿಗೆಯಂತಾಗಿತ್ತು. ಭಾಷಣ ಕೇಳಿ ತಿಳಿಯದ ಸಂಗತಿ ಆ ತತ್ತಿ ನೋಡಿ ಜನಕ್ಕೆ ತಿಳಿಯಿತು. ಅದೇ ಸಿಯಾಚಿನ್‌ನಲ್ಲಿ 2016ರ ಫೆಬ್ರವರಿ 3ರಂದು ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ 10 ಜನ ಸಿಕ್ಕಿಕೊಂಡರು. ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನದ ಮೇಲೆ ಜೀವಂತ ಸಿಕ್ಕರೂ ಫೆಬ್ರವರಿ 11ರಂದು ದೆಹಲಿಯಲ್ಲಿ ತೀರಿಕೊಂಡರು. ಅಲ್ಲಿಯ ದಿನನಿತ್ಯದ ಬದುಕು ಹೀಗಿರುವಾಗ ಎರಡು ಮಾತು, ಒಂದು ಫೋಟೋ ಮನೆಗೆ ಬಂದರೆ ಅದೇ ದೊಡ್ಡ ಧೈರ್ಯ.

ಮೊದಲು ಈ ಸುದ್ದಿ ಕಾಗದದಲ್ಲಿ ಬರುತ್ತಿತ್ತು. ಯೋಧನ ವಿಳಾಸ '56 ಎಪಿಓ' ಅಥವಾ '99 ಎಪಿಓ'. ಅವನು ಯಾವ ಊರಲ್ಲಿದ್ದಾನೆ, ಯಾವ ಗುಡ್ಡದ ಮೇಲಿದ್ದಾನೆ ಎಂದು ವಿಳಾಸ ಬಾಯಿ ಬಿಡುತ್ತಿರಲಿಲ್ಲ. ಅದಕ್ಕೂ ಹಿಂದೆ, 1914ರ ಮಹಾಯುದ್ಧದಲ್ಲಿ ಫ್ರಾನ್ಸಿಗೆ ಹೋದ ನಮ್ಮ ದೇಶದ ಸಿಪಾಯಿಗಳ ಕಾಗದವನ್ನು ಸೆನ್ಸಾರಿನವರು ಒಡೆದು ಓದುತ್ತಿದ್ದರು. ಸಿಪಾಯಿಗಳೇನು ಕಡಿಮೆ! ಭಾರತೀಯ ಸೈನಿಕರಿಗೆ ಕರಿಮೆಣಸು, ಬಿಳಿಯರಿಗೆ ಕೆಂಪು ಮೆಣಸಿನಕಾಯಿ ಎಂದು ಹೆಸರಿಟ್ಟು, ಯಾವ ಮಾಲು ಎಷ್ಟು ಖರ್ಚಾಗಿದೆ ಎಂಬಂತೆ ಕಿರಾಣಿ ಲೆಕ್ಕದಲ್ಲಿ ಸಾವಿನ ಸುದ್ದಿ ಬರೆದರು. ಆ ಗುಟ್ಟೂ ಸೆನ್ಸಾರಿನವರಿಗೆ ಗೊತ್ತಾಯಿತು, ಆ ಮಾತು ಬೇರೆ.

ಈಗ ಕಾಲ ಬದಲಾಗಿದೆ. 2017ರ ದೀಪಾವಳಿಯಿಂದ ಯೋಧರ ಸ್ಯಾಟಲೈಟ್ ಫೋನಿನ ದರ ನಿಮಿಷಕ್ಕೆ 5 ರೂಪಾಯಿಯಿಂದ 1 ರೂಪಾಯಿಗೆ ಇಳಿಯಿತು. 2023ರ ಅಕ್ಟೋಬರಿನಲ್ಲಿ ಸಿಯಾಚಿನ್‌ಗೂ ಬಿಎಸ್ಸೆನ್ನೆಲ್ ಟವರು ಬಂತು. ಒಳ್ಳೆಯದೇ ಆಯಿತು. ಆದರೆ ಫೋಟೋ ನೇರ ಮನೆಗೆ ಬರುತ್ತದೆ, ನಡುವೆ ಯಾರೂ ಇಲ್ಲ. 2020ರ ಜುಲೈನಲ್ಲಿ ಸೈನ್ಯವು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಸೇರಿ 89 ಆ್ಯಪ್ ತೆಗೆದುಹಾಕಿ ಎಂದು ತನ್ನವರಿಗೆ ಹೇಳಿತು. ಪಹಲ್ಗಾಮ್ ದಾಳಿಯ ನಂತರ 2025ರ ಏಪ್ರಿಲ್ 26ರಂದು ಕೇಂದ್ರ ಸರ್ಕಾರ ಸೈನ್ಯದ ಓಡಾಟ ತೋರಿಸಬೇಡಿ ಎಂದು ಟೀವಿಯವರಿಗೂ ಮೊಬೈಲಿನವರಿಗೂ ತಾಕೀತು ಮಾಡಿತು. ಸಿಪಾಯಿ ತನ್ನ ಶಿಸ್ತು ಪಾಲಿಸಿಯಾನು. ಅವನ ಅಳಿಯ, ಅಳಿಯನ ಗೆಳೆಯ, ಗೆಳೆಯನ ಗ್ರೂಪು? ಇವರಿಗೆ ಹೇಳುವವರು ಯಾರು?

ಈಗ ಮನೆಯವರೇ ಸೆನ್ಸಾರು ಆಗಬೇಕು. ಬೇರೆ ದಾರಿಯಿಲ್ಲ. ಬಂದ ಫೋಟೋ ಮನೆಯೊಳಗೆ ನೋಡಿ, ಸ್ಟೇಟಸ್ಸಿಗೆ ಹಾಕಬೇಡಿ. ಚಹಾದ ಹಿಂದೆ ಬೋರ್ಡು ಇರುತ್ತದೆ, ಗಾಡಿ ನಂಬರು ಇರುತ್ತದೆ, ಗುಡ್ಡದ ಆಕಾರ ಇರುತ್ತದೆ. ನಮಗದು ಬರೀ ಗುಡ್ಡ, ವೈರಿಗೆ ಅದೇ ವಿಳಾಸ. ಯಾವ ರೈಲಿಗೆ ರಜೆಗೆ ಬರುತ್ತಾನೆ ಎಂಬುದನ್ನೂ ಅಂಗಡಿ ಕಟ್ಟೆಯ ಮೇಲೆ ಸಾರಬೇಕಿಲ್ಲ. ಅಂಗಡಿಕಾರರು, ಬಸ್ಸಿನ ಪ್ರಯಾಣಿಕರು ಕೂಡ "ನನಗೂ ಕಳಿಸ್ರಿ" ಎಂಬ ಮಾತು ಬಿಡಬೇಕು. "ಹುಡುಗ ಆರಾಮ ಅದಾನೇನ್ರಿ?" ಎಂದು ಕೇಳಿದರೆ ಸಾಕು, ಆ ಮನೆಗೆ ಅಷ್ಟೇ ಸಮಾಧಾನ.

ಇನ್ನೊಂದು ಮಾತು. ಅಲ್ಲಿಂದ ಬರುವ ಫೋಟೋ ಎಣಿಸುವವರು ಇಲ್ಲಿಂದ ಏನು ಹೋಗುತ್ತಿದೆ ಎಂದೂ ನೋಡಿಕೊಳ್ಳಲಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟು ಕಿತ್ತುಹೋದಾಗ ಎಡದಂಡೆ ಕಾಲುವೆಯ ರೈತರ ಎದೆ ಒಡೆದಿತ್ತು. ದೂರದಲ್ಲಿದ್ದ ರೈತನ ಮಗನಿಗೆ ಹೇಗಾಗಿರಬೇಡ! ಕಾಲುವೆಗೆ ನೀರು ಬಂತು, ಭತ್ತ ತೆನೆ ಬಿಟ್ಟಿತು, ಎಮ್ಮೆ ಈಯಿತು, ಅವ್ವನ ಮೊಣಕಾಲು ನೋವು ಕಡಿಮೆಯಾಯಿತು: ಇವೆಲ್ಲ ಅವನಿಗೆ ಬೇಕಾದ ಸುದ್ದಿ. ಇವುಗಳ ಫೋಟೋ ಎಷ್ಟು ಬೇಕಾದರೂ ಕಳಿಸಿ, ಯಾವ ಸರ್ಕಾರದ ಅಡ್ಡಿಯೂ ಇಲ್ಲ.