ಆಳಿನ ಖರ್ಚು ಯಾರ ಖಾತೆಗೆ?

ಸಣ್ಣ ವ್ಯಾಪಾರಸ್ಥನು ತನ್ನ ಕೈಕೆಳಗೆ ಒಬ್ಬ ಆಳನ್ನು ಇಟ್ಟುಕೊಂಡ ದಿನದಿಂದ ಅವನ ಮನಸ್ಸಿನಲ್ಲಿ ಎರಡು ಮಾತುಗಳು ಜಗಳಾಡತೊಡಗುತ್ತವೆ. 'ನನಗೇ ಉಳಿಯುವುದಿಲ್ಲ, ಇವನಿಗೆ ಎಲ್ಲಿಂದ ತಂದು ಕೊಡಲಿ?' ಎಂಬುದು ಒಂದು. 'ಅವನಿಗೂ ಹೆಂಡಿರು ಮಕ್ಕಳಿದ್ದಾರೆ' ಎಂಬುದು ಇನ್ನೊಂದು. ಎರಡೂ ಸುಳ್ಳಲ್ಲ. ಆದರೆ ಈ ಜಗಳವನ್ನು ದಯೆ ದಾಕ್ಷಿಣ್ಯಗಳಿಂದ ತೀರಿಸಲು ಬರುವುದಿಲ್ಲ. ಕೀರ್ದಿ ಪುಸ್ತಕ ತೆಗೆದು ಲೆಕ್ಕ ಹಾಕಿಯೇ ತೀರಿಸಬೇಕು.

ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ತಗ್ಗಿನ ಭಾಗಗಳು ಸಿಕ್ಕವು, ನವನಗರ ಎದ್ದಿತು. ಇಂದು ಅಲ್ಲಿಯ ಎಷ್ಟೋ ಅಂಗಡಿ, ಬ್ಯಾಂಕು, ಆಸ್ಪತ್ರೆಗಳ ಮುಂಭಾಗವೆಲ್ಲ ಗಾಜು. ಗಾಜಿದ್ದಲ್ಲಿ ಧೂಳೂ ಉಂಟು. ಧೂಳಿದ್ದಲ್ಲಿ ಒರೆಸುವವನೂ ಬೇಕು. ಏಣಿ, ಬಕೆಟ್ಟು, ಸೋಪಿನ ನೀರು, ರಬ್ಬರು ಪಟ್ಟಿ ಇಷ್ಟೇ ಬಂಡವಾಳದಿಂದ ಈ ಉದ್ಯೋಗ ಹೂಡಿದ ಒಬ್ಬನನ್ನು ಲೆಕ್ಕಕ್ಕಾಗಿ ಹಿಡಿಯೋಣ. ಕೆಲಸ ಹೆಚ್ಚಿ ಅವನು ಒಬ್ಬ ಆಳನ್ನು ಇಟ್ಟುಕೊಂಡನೆನ್ನಿ. ದಿನಗೂಲಿ 500 ರೂಪಾಯಿ, ತಿಂಗಳಿಗೆ 26 ದಿನ. ಈ 500 ಎಂಬುದು ಲೆಕ್ಕದ ಅನುಕೂಲಕ್ಕೆ ನಾವು ಹಿಡಿದ ಅಂಕಿ. ಪಗಾರ 13,000 ರೂಪಾಯಿ ಆಯಿತು. ಧಣಿಯ ಲೆಕ್ಕ ಇಲ್ಲಿಗೆ ಮುಗಿಯಿತು.

ಗಿರಣಿ ಕಾಮಗಾರ ಬಂಧುಗಳು ಮಾತ್ರ ಇದನ್ನು ಒಪ್ಪಲಾರರು. ದೊಡ್ಡ ಗಿರಣಿಯ ಮಾಲಕನು ಪಗಾರದ ಮೇಲೆ ಇನ್ನೂ ಏನೇನು ಕೊಡಬೇಕೆಂಬುದು ಅವರಿಗೆ ಗೊತ್ತು. ಪ್ರಾವಿಡೆಂಟ್ ಫಂಡಿಗೆ ಮಾಲಕನ ಪಾಲು ಶೇಕಡಾ 12; ಈ 13,000ದ ಮೇಲೆ 1,560 ರೂಪಾಯಿ. ಇ.ಎಸ್.ಐ.ಗೆ ಶೇಕಡಾ 3.25; ಸುಮಾರು 422 ರೂಪಾಯಿ. ಬೋನಸ್ಸು ಪೂರ್ತಿ ಪಗಾರದ ಮೇಲೆ ಶೇಕಡಾ 8.33ರಂತೆ ಹಿಡಿದರೆ ತಿಂಗಳಿಗೆ 1,083. ಗ್ರಾಚ್ಯುಯಿಟಿ ವರ್ಷಕ್ಕೆ 15 ದಿನದ ಪಗಾರದಂತೆ 7,500, ತಿಂಗಳಿಗೆ 625. ಒಟ್ಟು 3,690 ರೂಪಾಯಿ. ಅಂದರೆ ಆಳಿನ ನಿಜವಾದ ಖರ್ಚು 13,000 ಅಲ್ಲ, 16,690. ಹಬ್ಬದ ರಜೆ, ಮಳೆಗಾಲದ ಖಾಲಿ ದಿನಗಳು, ಒಂದು ಅಂಗಡಿಯಿಂದ ಇನ್ನೊಂದಕ್ಕೆ ಏಣಿ ಹೊತ್ತು ನಡೆಯುವ ಹೊತ್ತು, ಗಿರಾಕಿಯ ಉದ್ರಿ ಇವನ್ನು ನಾವು ಇನ್ನೂ ಹಿಡಿದೇ ಇಲ್ಲ.

ಸಣ್ಣ ಧಣಿ ಒಡನೆ ಹೇಳುತ್ತಾನೆ: 'ಇದೆಲ್ಲ ನನಗೆ ಅನ್ವಯಿಸುವುದಿಲ್ಲ.' ನಿಜ. ಇ.ಎಸ್.ಐ. ಮತ್ತು ಗ್ರಾಚ್ಯುಯಿಟಿ ಸಾಮಾನ್ಯವಾಗಿ 10 ಆಳುಗಳಿಂದ ಆರಂಭ; ಪ್ರಾವಿಡೆಂಟ್ ಫಂಡು ಮತ್ತು ಬೋನಸ್ಸು 20ರಿಂದ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು 29 ಹಳೆಯ ಕಾನೂನುಗಳು ಅವುಗಳಲ್ಲಿ ಸೇರಿಹೋದವು. ಆದರೆ ಈ 10ರ ಗೆರೆ, 20ರ ಗೆರೆ ಅಳಿಸಲಿಲ್ಲ. ಕನಿಷ್ಠ ಕೂಲಿ ಮಾತ್ರ ಒಬ್ಬನೇ ಆಳಿದ್ದರೂ ಕೊಡತಕ್ಕದ್ದು.

ಇಲ್ಲಿ ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಕಾನೂನು ಬಿಟ್ಟ ಮಾತ್ರಕ್ಕೆ ಖರ್ಚು ಬಿಡುವುದಿಲ್ಲ. ಎರಡು ಆಳಿನ ಉದ್ಯೋಗದಲ್ಲಿ ದುಡಿಯುವವನಿಗೂ ಜ್ವರ ಬರುತ್ತದೆ, ಮುಪ್ಪು ಬರುತ್ತದೆ, ಏಣಿ ಜಾರಿ ಕಾಲು ಮುರಿಯುತ್ತದೆ. ಆ 3,690 ರೂಪಾಯಿ ಧಣಿಯ ಖಾತೆಯಲ್ಲಿ ಬರೆಯದಿದ್ದರೆ ಆಳಿನ ಮನೆಯ ಖಾತೆಯಲ್ಲಿ ಬರೆದಂತೆಯೇ. ಅದನ್ನು ಹೆಂಡತಿಯ ಕಿವಿಯ ಬಂಗಾರ ತೀರಿಸುತ್ತದೆ, ಶಾಲೆ ಬಿಟ್ಟ ಹುಡುಗ ತೀರಿಸುತ್ತಾನೆ, ಬಡ್ಡಿಯ ಸಾಲ ತೀರಿಸುತ್ತದೆ. ಕೆಲಸದಲ್ಲಿ ಪೆಟ್ಟಾದರೆ ಧಣಿ ಪರಿಹಾರ ಕೊಡಬೇಕೆಂಬ ತತ್ವ ನಮ್ಮ ಕಾನೂನಿಗೆ 1923ರಲ್ಲಿಯೇ ಬಂದಿತು. ಆದರೆ ಸ್ವತಃ ಏಣಿ ಹತ್ತಿ ಹೊಟ್ಟೆ ಹೊರೆಯುವ ಧಣಿಯ ಬಳಿ ಅಷ್ಟು ರೊಕ್ಕ ಎಲ್ಲಿಯದು? ಕಾನೂನು ಹಕ್ಕು ಕೊಟ್ಟರೂ ಬರಿದಾದ ಪೆಟ್ಟಿಗೆಯಿಂದ ಪರಿಹಾರ ಬರುವುದಿಲ್ಲ.

ಇದು ಗಾಜು ಒರೆಸುವವರ ಮಾತಷ್ಟೇ ಅಲ್ಲ. ಇಳಕಲ್ಲಿನ ಸೀರೆಯನ್ನು ನೋಡಿರಿ. ಸೆರಗಿನ ಹಾಸನ್ನು ಮೈಯ ಹಾಸಿಗೆ ಎಳೆ ಎಳೆಯಾಗಿ ಕುಣಿಕೆ ಹಾಕಿ ಜೋಡಿಸುವ ಆ ಕೆಲಸಕ್ಕೆ ದೇಶವೆಲ್ಲ ಹೆಸರು. ಭೌಗೋಳಿಕ ಗುರುತಿನ ಪಟ್ಟವೂ ದೊರೆತಿದೆ. ಕೂಲಿ ಮಾತ್ರ ಸೀರೆಗಿಷ್ಟು ಎಂದು. ಕಂಡಿಕೆ ಸುತ್ತುವ ಹೆಣ್ಣುಮಗಳ ಹೊತ್ತು, ನೂಲು ಹಚ್ಚಿ ಸಿದ್ಧ ಮಾಡುವ ಮುದುಕರ ಹೊತ್ತು ಆ ಒಂದು ಕೂಲಿಯಲ್ಲಿಯೇ ಕರಗಿಹೋಗುತ್ತವೆ. ಮಗ್ಗದಲ್ಲಿ ಕುಳಿತವನು ಒಬ್ಬ, ದುಡಿದವರು ಮೂವರು, ಪಗಾರ ಒಂದು. ಮೇಲೆ ಮುಂಗಡ. ಮುಂಗಡ ತೀರುವವರೆಗೆ ನೇಕಾರ ಬೇರೆ ಮಗ್ಗಕ್ಕೆ ಹೋಗುವಂತಿಲ್ಲ. ನಾಲ್ಕು ಮಗ್ಗದ ಮಾಲಕನನ್ನು ಕೇಳಿದರೆ ಅವನು ಸಗಟು ವ್ಯಾಪಾರಿಯತ್ತ ಬೊಟ್ಟು ಮಾಡುತ್ತಾನೆ. ಸಗಟು ವ್ಯಾಪಾರಿ ಪೇಟೆಯತ್ತ. ಬಾದಾಮಿಯಲ್ಲಿ ಬನಶಂಕರಿ ಜಾತ್ರೆಯ ಕಾಲಕ್ಕೆ ಲಾಡ್ಜು ಖಾನಾವಳಿಗಳಿಗೆ ಹೆಚ್ಚಿನ ಆಳು ಬೇಕು. ಜಾತ್ರೆ ಮುಗಿದ ಮರುದಿನ ಅವರು ಯಾರ ಆಳೂ ಅಲ್ಲ. ಕೂಡಲಸಂಗಮ ನಮ್ಮ ಹುನಗುಂದ ತಾಲೂಕಿನಲ್ಲಿಯೇ ಇದೆ. ಅಲ್ಲಿಯ ವೇದಿಕೆಯ ಮೇಲೆ ಕಾಯಕದ ಹಿರಿಮೆಯನ್ನು ಹಾಡದ ಮಂತ್ರಿ ಇಲ್ಲ. ಆ ಕಾಯಕ ಮಾಡುವವನ ಮುಪ್ಪಿಗೆ ಯಾರು ಎಂದು ಕೇಳಿದರೆ ಅದೇ ಮಂತ್ರಿ ಮೋಟಾರು ಹತ್ತುತ್ತಾನೆ.

ಹಾಗಾದರೆ ಸಣ್ಣ ಧಣಿಯನ್ನು ಶತ್ರುವೆಂದು ಬಗೆಯಬೇಕೇ? ನಮ್ಮ ಅಭಿಪ್ರಾಯ ಹಾಗಿಲ್ಲ. ಅವನು ತನ್ನ ಸ್ವಂತ ದುಡಿಮೆಗೂ ಕೂಲಿ ಹಿಡಿಯದೆ ದರ ಹೇಳುತ್ತಿದ್ದಾನೆ. ಪ್ರಾವಿಡೆಂಟ್ ಫಂಡಿಗೆ ಸಣ್ಣವರು ಸ್ವಇಚ್ಛೆಯಿಂದ ಸೇರಲು ಅವಕಾಶವಿದೆ. ಆದರೆ ಒಬ್ಬ ಸೇರಿ ಪಕ್ಕದವನು ಸೇರದಿದ್ದರೆ, ಸೇರಿದವನ ದರ ಏರುತ್ತದೆ, ಗಿರಾಕಿ ಪಕ್ಕಕ್ಕೆ ಸರಿಯುತ್ತಾನೆ. ಪ್ರಾಮಾಣಿಕನಿಗೆ ದಂಡ ಹಾಕುವ ಈ ವ್ಯವಸ್ಥೆಯೇ ಶತ್ರು. ಆದರೂ ಒಂದು ಮಾತನ್ನು ಖಂಡಿತವಾಗಿ ಹೇಳಬೇಕು: ದರ ಸಾಲದೆಂಬುದು ಕನಿಷ್ಠ ಕೂಲಿಯನ್ನು ಮುರಿಯಲು ಕಾರಣವಾಗದು. ಲೋಹಿಯಾ ಅವರು ಸಣ್ಣ ಯಂತ್ರದ ಪರವಾಗಿ ವಾದಿಸಿದರೇ ಹೊರತು ಸಣ್ಣ ಕೂಲಿಯ ಪರವಾಗಿ ಅಲ್ಲ.

ಇನ್ನು ಖರ್ಚಿನ ಗಾತ್ರವನ್ನು ನೋಡೋಣ. ನಮ್ಮ ಉದಾಹರಣೆಯ ಆಳು ದಿನಕ್ಕೆ ಎಂಟು ಅಂಗಡಿಗಳ ಗಾಜು ಒರೆಸಿದರೆ, ಬರೀ ಕೂಲಿಯ ಲೆಕ್ಕದಲ್ಲಿ ಅಂಗಡಿಗೆ ಬೀಳುವುದು ಸುಮಾರು 62 ರೂಪಾಯಿ. ಪೂರ್ಣ ಖರ್ಚಿನ ಲೆಕ್ಕದಲ್ಲಿ 80. ಅಂತರ 18 ರೂಪಾಯಿ. ಒಬ್ಬ ಮನುಷ್ಯನ ಔಷಧಿ, ಮುಪ್ಪು, ಹಬ್ಬ ಎಲ್ಲವೂ ಸೇರಿ ಅಂಗಡಿಗೆ 18 ರೂಪಾಯಿ! ಇದನ್ನು ಕೊಡಲಾರದಷ್ಟು ಬಡವಾಗಿದೆಯೇ ಗಾಜಿನ ಮುಂಭಾಗವುಳ್ಳ ಬ್ಯಾಂಕು?

ಗಿರಾಕಿಯಿಂದ ಈ 18 ರೂಪಾಯಿ ಎತ್ತುವ ದಾರಿ ಹೊಸದಲ್ಲ. ನೆರೆಯ ಮಹಾರಾಷ್ಟ್ರದಲ್ಲಿ 1969ರಲ್ಲಿ ಮಾಥಾಡಿ ಹಮಾಲರ ಕಾನೂನು ಬಂದಿತು. ಪುಣೆಯಲ್ಲಿ ಸಮಾಜವಾದಿ ಬಾಬಾ ಆಢಾವ ಅವರು ಹಮಾಲ ಪಂಚಾಯತ ಕಟ್ಟಿದರು. ಹಮಾಲನು ಹತ್ತು ಅಡತಿ ಅಂಗಡಿಗಳಲ್ಲಿ ಹೊರೆ ಹೊತ್ತರೂ ಅವನ ಹೆಸರು ಒಂದೇ ಮಂಡಳಿಯ ದಫ್ತರಿನಲ್ಲಿ. ಅಂಗಡಿಯವರು ಕೂಲಿಯನ್ನೂ ಅದರ ಮೇಲೆ ಲೆವಿಯನ್ನೂ ಮಂಡಳಿಗೆ ತುಂಬಬೇಕು. ಮಂಡಳಿ ಪ್ರಾವಿಡೆಂಟ್ ಫಂಡು, ಗ್ರಾಚ್ಯುಯಿಟಿ, ಬೋನಸ್ಸು ನೋಡಿಕೊಳ್ಳಬೇಕು. ಆಳು ಎಷ್ಟು ಜನ ಎಂಬ ಪ್ರಶ್ನೆಯೇ ಅಲ್ಲಿ ಏಳುವುದಿಲ್ಲ. ನಮ್ಮ ಕರ್ನಾಟಕದಲ್ಲಿಯೂ 2025ರಲ್ಲಿ ಮೊಬೈಲಿನ ಮೂಲಕ ಕೆಲಸ ಪಡೆಯುವ ಗಿಗ್ ಕಾರ್ಮಿಕರಿಗಾಗಿ ಕಾನೂನು ಮಾಡಿ, ಅವರಿಗೆ ಸಲ್ಲುವ ಪ್ರತಿ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳಿಂದ ಕಲ್ಯಾಣ ಶುಲ್ಕ ಎತ್ತಲು ಒಪ್ಪಿದ್ದಾರೆ. ಬೆಂಗಳೂರಿನಲ್ಲಿ ಊಟ ಮುಟ್ಟಿಸುವವನಿಗೆ ಸಲ್ಲುವ ನ್ಯಾಯ ಇಳಕಲ್ಲಿನ ನೇಕಾರನಿಗೆ, ನವನಗರದಲ್ಲಿ ಏಣಿ ಹತ್ತುವವನಿಗೆ ಏಕೆ ಸಲ್ಲಬಾರದು?

'ಇದರಿಂದ ಸಣ್ಣವರ ಮನೆಗೆ ಇನ್ಸ್ಪೆಕ್ಟರನನ್ನು ಕಳಿಸಿದಂತಾಗುತ್ತದೆ' ಎಂದು ವ್ಯಾಪಾರಸ್ಥ ಮಿತ್ರರು ಅಂಜುತ್ತಾರೆ. ಆ ಅಂಜಿಕೆಗೆ ಕಾರಣವಿದೆ. ಆದುದರಿಂದಲೇ ನಮ್ಮ ಬೇಡಿಕೆ ಹೀಗಿದೆ. ಹತ್ತಕ್ಕಿಂತ ಕಡಿಮೆ ಆಳುಗಳ ಉದ್ಯೋಗಗಳಿಗೆ ಜಿಲ್ಲೆಗೊಂದು ಮಂಡಳಿ ಇರಲಿ. ಬಾಗಲಕೋಟೆಯಲ್ಲಿ ಕಚೇರಿ, ಇಳಕಲ್, ಬಾದಾಮಿ, ಹುನಗುಂದಗಳಲ್ಲಿ ಖಿಡಕಿ. ಫಾರ್ಮುಗಳ ರಾಶಿ ಬೇಡ, ಒಂದೇ ಪುಸ್ತಕ ಸಾಕು. ಲೆವಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆದು ಗಿರಾಕಿಯಿಂದ ತೆಗೆದುಕೊಳ್ಳುವ ಹಕ್ಕು ಸಣ್ಣ ಧಣಿಗಿರಲಿ. ಸೀರೆಯ ಮೇಲಿನ ಲೆವಿಯನ್ನು ಸಗಟು ವ್ಯಾಪಾರಿ ತುಂಬಲಿ. ಸರಕಾರಿ ಕಚೇರಿಗಳು ಮೊದಲು ದಾರಿ ತೋರಲಿ. ಎಲ್ಲರಿಗಿಂತ ಕಡಿಮೆ ಟೆಂಡರು ಹಾಕಿದವನಿಗೆ ಸ್ವಚ್ಛತೆಯ ಗುತ್ತಿಗೆ ಕೊಡುವುದೆಂದರೆ ಆಳಿನ ಮುಪ್ಪನ್ನು ಹರಾಜಿಗಿಟ್ಟಂತೆ.

ಗಿರಣಿ ಕಾಮಗಾರರು ತಮ್ಮ ಫಂಡನ್ನೂ ಬೋನಸ್ಸನ್ನೂ ಹೋರಾಡಿ ಪಡೆದವರು. ಗೆರೆಯ ಆಚೆ ಉಳಿದ ತಮ್ಮಂದಿರ ಪರವಾಗಿ ಅವರು ಮಾತನಾಡಬೇಕು. ಸಣ್ಣ ವ್ಯಾಪಾರಸ್ಥರೂ ಇಂದೇ ತಮ್ಮ ಕೀರ್ದಿಯಲ್ಲಿ ಆಳಿನ ಪೂರ್ಣ ಖರ್ಚನ್ನು ಬರೆಯತೊಡಗಲಿ. ಕೊಡಲು ಆಗದಿದ್ದರೂ ಬರೆಯಲಿ. ಬರೆದಿಟ್ಟ ಬಾಕಿಯನ್ನು ಒಂದಿಲ್ಲೊಂದು ದಿನ ಒಟ್ಟಾಗಿ ಕೇಳಬಹುದು. ಬರೆಯದ ಬಾಕಿಯನ್ನು ಯಾರೂ ತೀರಿಸುವುದಿಲ್ಲ.