ಚಿಂಚಿಲ್ಲಾ ಟೆಡ್ಡಿಬೇರ್ ಅಲ್ಲ ಕಣ್ರೀ!

ಮೊನ್ನೆ ಊಟದ ಹೊತ್ತಲ್ಲಿ ಸಹೋದ್ಯೋಗಿಯೊಬ್ಬ ಮೊಬೈಲ್ ಮುಂದೆ ಹಿಡಿದ. ಬೂದು ಬಣ್ಣದ ಪ್ರಾಣಿ, ಇಷ್ಟಗಲ ಕಿವಿ, ಅಳಿಲಿನಂಥ ಬಾಲ. "ಚಿಂಚಿಲ್ಲಾ ಅಂತ ಗುರು. ಮಗಳ ಬರ್ತ್‌ಡೇಗೆ ಇದನ್ನೇ ತರ್ತೀನಿ. ತಬ್ಕೊಂಡು ಮಲಗ್ತಾಳೆ!" ಅಂದ. ನನಗೆ ತುತ್ತು ಗಂಟಲಲ್ಲೇ ನಿಂತಿತು.

ಯಾಕೆ ಅಂತೀರಾ? ಎರಡು ವರ್ಷದ ಹಿಂದೆ ಆನ್‌ಸೈಟ್ ಅಂತ ಅಮೆರಿಕಕ್ಕೆ ಹೋಗಿದ್ದಾಗ ನನ್ನ ರೂಮ್‌ಮೇಟ್ ಒಂದು ಚಿಂಚಿಲ್ಲಾ ಸಾಕಿದ್ದ. ಅವನು ಊರಲ್ಲಿ ಇಲ್ಲದಾಗ ಅದರ ಚಾಕರಿ ನನ್ನದು. ಹಗಲೆಲ್ಲ ಮರದ ಗೂಡಲ್ಲಿ ನಿದ್ದೆ. ರಾತ್ರಿ ನಾನು ಬೆಂಗಳೂರಿನವರ ಜೊತೆ ಕಾಲ್‌ನಲ್ಲಿ ಕೂತೆ ಅನ್ನುವಾಗ ಅದರ ದಿನ ಶುರು! ಪಂಜರದ ಒಂದು ಹಲಗೆಯಿಂದ ಇನ್ನೊಂದಕ್ಕೆ ದಡಬಡ ಜಿಗಿತ. ಒಮ್ಮೆ ನಾನೂ ಮುದ್ದು ಬಂದು ಗಟ್ಟಿಯಾಗಿ ಹಿಡಿದುಬಿಟ್ಟೆ. ಅದು ಓಡಿತು, ಕೈಯಲ್ಲಿ ಒಂದು ಹಿಡಿ ಕೂದಲು ಉಳಿಯಿತು. ನರಿಯೋ ಗೂಬೆಯೋ ಹಿಡಿದಾಗ ತಪ್ಪಿಸಿಕೊಳ್ಳೋಕೆ ಅದಕ್ಕಿರೋ ಉಪಾಯ ಅದು. ಅಂದ್ರೆ ಅದರ ಲೆಕ್ಕದಲ್ಲಿ ನಾನೂ ಒಂದು ನರಿ :(

ಇದರ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಒಣ ಹವೆ, ಚಳಿ, ಬರೀ ಬಂಡೆ. ಅದಕ್ಕೇ ಚರ್ಮದ ಒಂದೊಂದು ರಂಧ್ರದಿಂದ 50ಕ್ಕೂ ಹೆಚ್ಚು ಕೂದಲು. ಆ ತುಪ್ಪಳದ ಆಸೆಗೆ ಬೇಟೆಯಾಡಿ ಕಾಡಿನ ಚಿಂಚಿಲ್ಲಾಗಳನ್ನ ಅಳಿವಿನಂಚಿಗೆ ತಂದಿಟ್ಟಿದ್ದಾರೆ. 1923ರಲ್ಲಿ ಚಾಪ್‌ಮನ್ ಅನ್ನೋ ಗಣಿ ಇಂಜಿನಿಯರ್ ಚಿಲಿಯಿಂದ ಒಂದು ಡಜನ್ ಆಸುಪಾಸು ಚಿಂಚಿಲ್ಲಾಗಳನ್ನ ಕ್ಯಾಲಿಫೋರ್ನಿಯಾಗೆ ಒಯ್ದಿದ್ದೂ ತುಪ್ಪಳದ ವ್ಯಾಪಾರಕ್ಕೇ. ಈಗ ನಮ್ಮ ಸರದಿ, ಮುದ್ದಿನ ಹೆಸರಲ್ಲಿ!

ಅಂಥ ಕಂಬಳಿ ಹೊದ್ದ ಜೀವಕ್ಕೆ 25 ಡಿಗ್ರಿ ದಾಟಿದರೆ ಸಂಕಟ. ಬೆವರೋಕೂ ಬರಲ್ಲ ಅದಕ್ಕೆ. ನಮ್ಮ "ತಂಪು" ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಮುಟ್ಟಿತ್ತು ಸ್ವಾಮೀ!

"ಎಸಿ ಹಾಕ್ತೀನಿ ಬಿಡೋ."

ಕರೆಂಟ್ ಹೋದ್ರೆ? ನೀನು ಆಫೀಸಲ್ಲಿ ಇರ್ತೀಯ, ಮನೇಲಿ ಇರೋ ಯುಪಿಎಸ್ಸು ಟ್ಯೂಬ್‌ಲೈಟು ಫ್ಯಾನಿಗೇ ಸುಸ್ತಾಗತ್ತೆ.

ಅವನು ತೋರಿಸಿದ ವಿಡಿಯೋದಲ್ಲಿ ಯಾರೋ ಪುಣ್ಯಾತ್ಮ ಅದಕ್ಕೆ ನಲ್ಲಿ ಕೆಳಗೆ ಸ್ನಾನ ಮಾಡಿಸ್ತಿದ್ದ. ಲಕ್ಷಗಟ್ಟಲೆ ಲೈಕು! ಆ ದಟ್ಟ ಕೂದಲು ಒದ್ದೆಯಾದ್ರೆ ಬೇಗ ಒಣಗಲ್ಲ, ಚಳಿ ಹಿಡಿಯತ್ತೆ, ಫಂಗಸ್ ಬರತ್ತೆ. ಅದಕ್ಕೆ ಬೇಕಾಗಿರೋದು ನುಣ್ಣನೆ ಧೂಳಿನ ಸ್ನಾನ. ನಾನು ಬಟ್ಟಲಲ್ಲಿ ಧೂಳು ಹಾಕಿಟ್ಟರೆ ತಾನೇ ಉರುಳಾಡಿ ಎದ್ದು ಬರ್ತಿತ್ತು. ಆಮೇಲೆ ಇಡೀ ರೂಮು ಗುಡಿಸೋದು ನನ್ನ ಪಾಲಿಗೆ. ಇನ್ನು ಒಣದ್ರಾಕ್ಷಿ, ಗೋಡಂಬಿ ಅಂತ ತಿನ್ನಿಸೋದು. ಸಾಯೋವರೆಗೂ ಬೆಳೆಯೋ ಹಲ್ಲು ಸವೆಯೋಕೆ ದಿನವಿಡೀ ಒಣಹುಲ್ಲು ಅಗೀಬೇಕು. ಸಿಹಿ, ಎಣ್ಣೆಕಾಳು ಅದರ ಹೊಟ್ಟೆಗೆ ಆಗಿಬರಲ್ಲ.

ಚೆನ್ನಾಗಿ ನೋಡಿಕೊಂಡ್ರೆ 15 ವರ್ಷ ಬದುಕತ್ತೆ. ಅವನ ಮಗಳಿಗೆ ಈಗ ಆರು. ಇಂಜಿನಿಯರಿಂಗ್ ಮುಗಿಸೋ ಹೊತ್ತಿಗೂ ಅದು ಇರತ್ತೆ, ಆಗ ಹುಲ್ಲು ಹಾಕೋರು ಯಾರು? ಅವಳ ಅಮ್ಮನೇ ತಾನೆ!

ಇಷ್ಟೆಲ್ಲ ಹೇಳಿದ ಮೇಲೆ ಪುಣ್ಯಾತ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಮೊಸರನ್ನ ಕಲಸ್ತಾ ಕೇಳಿದ, "ಹಾಗಾದ್ರೆ ಹ್ಯಾಮ್‌ಸ್ಟರ್?"

"ಅದೂ ರಾತ್ರಿ ಪ್ರಾಣಿನೇ ಮಾರಾಯಾ!"